ತಾನೇ ಜೀವ ಕಳೆದುಕೊಂಡ ಅಣ್ಣನಿಗಾಗಿ ಪ್ರಾರ್ಥಿಸಬಹುದೇ?

ಪ್ರಶ್ನೆ: ಫಾದರ್, ನಾನು ಬೀದರ್ ಜಿಲ್ಲೆಯವಳು. ಅಪ್ಪನ ಕಡೆಯವರು ಮೆಥೋಡಿಸ್ಟ್, ಅವ್ವ ಕಥೋಲಿಕರು. ನಾವು ಮಕ್ಕಳು ಕಥೋಲಿಕರಾಗಿ ಬೆಳೆದೆವು. ಹೋದ ವರ್ಷ ಅಣ್ಣ ತೀರಿಕೊಂಡ. ತೊಗರಿ ಕೈಕೊಟ್ಟಿತ್ತು, ಸಾಲ ಇತ್ತು, ಕುಡಿತ ಇತ್ತು. ಕೊನೆಗೆ ತಾನೇ ಜೀವ ಕಳೆದುಕೊಂಡ. ಅವನು ಚರ್ಚಿಗೆ ಹೋಗುವುದನ್ನು ಬಿಟ್ಟು ಬಹಳ ವರ್ಷಗಳಾಗಿದ್ದವು. ಸತ್ತವರಿಗಾಗಿ ಪ್ರಾರ್ಥಿಸಿ ಅಂತ ಬೈಬಲಿನಲ್ಲಿ ಎಲ್ಲೂ ಇಲ್ಲ, ಸತ್ತ ಮೇಲೆ ಎಲ್ಲ ಮುಗಿಯಿತು ಎನ್ನುತ್ತಾರೆ ನಮ್ಮ ಕಾಕಾ. ಓಣಿಯಲ್ಲಿ ಕೆಲವರು ಅವನು ನರಕಕ್ಕೇ ಹೋದ ಅಂದರು. ಈಗ ಊರೂರು ತಿರುಗಿ ಪ್ರಾರ್ಥನೆ ಮಾಡುವ ಒಬ್ಬರು ಮನೆಗೆ ಬಂದಿದ್ದರು. ಅಣ್ಣನ ಆತ್ಮ ಮನೆಯಲ್ಲೇ ಅಲೆಯುತ್ತಿದೆ, ಬಿಡಿಸಲು ಚರ್ಚಿನಲ್ಲಿ ಗುರುಗಳು ಅರ್ಪಿಸುವ ಬಲಿಪೂಜೆ 30 ಆಗಬೇಕು, 25,000 ರೂಪಾಯಿ ಕೊಟ್ಟರೆ ತಾವೇ ಮಾಡಿಸುತ್ತೇವೆ ಎಂದು ಹೇಳಿಹೋದರು. ಅವ್ವ ಕಿವಿಯೋಲೆ ಅಡ ಇಡಲು ಹೊರಟಿದ್ದಾರೆ. ದಿನಾ ರಾತ್ರಿ ಅಣ್ಣ ಕನಸಿನಲ್ಲಿ ಬಂದು ನೀರು ಕೇಳುತ್ತಾನಂತೆ. ಇತ್ತ ತಮ್ಮನೂ ಕುಡಿಯಲು ಶುರು ಮಾಡಿದ್ದಾನೆ. ಅವನಿಗಾಗಿ ಪ್ರಾರ್ಥಿಸಿ ಪ್ರಾರ್ಥಿಸಿ ನನಗೆ ಸಾಕಾಗಿದೆ. ದೇವರು ಕೇಳುತ್ತಾನೆಯೇ?

ಉತ್ತರ: ಸಹೋದರಿ, ಉಳಿದದ್ದನ್ನು ಓದುವ ಮೊದಲು ಅವ್ವನ ಓಲೆಯನ್ನು ಪೆಟ್ಟಿಗೆಗೆ ವಾಪಸ್ ಇಡಿ. ಆ ಮನುಷ್ಯನಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಏಕೆ ಅಂತ ಮುಂದೆ ಹೇಳುತ್ತೇನೆ.

ನೀವು ಕೇಳಿದ ಪ್ರಶ್ನೆಗಳು ನಾಲ್ಕೈದು ಇವೆ. ಆದರೆ ಎಲ್ಲದರ ಬುಡದಲ್ಲಿ ಇರುವ ಭಯ ಒಂದೇ: ಅಣ್ಣ ಶಾಶ್ವತವಾಗಿ ಕೈತಪ್ಪಿ ಹೋದನೇ? ಈ ಭಾಗದ ಹಳ್ಳಿಗಳಲ್ಲಿ ಗುರುವಾಗಿ ಕೆಲಸ ಮಾಡುವಾಗ ಈ ಪ್ರಶ್ನೆಯನ್ನು ನಾನು ಮತ್ತೆ ಮತ್ತೆ ಕೇಳಿದ್ದೇನೆ. ಯಾರೂ ಜೋರಾಗಿ ಕೇಳುವುದಿಲ್ಲ. ಮಣ್ಣಾದ ಮೇಲೆ, ಜನ ಚದುರಿದ ಮೇಲೆ, ತಾಯಿ ಮೆಲ್ಲಗೆ ಹತ್ತಿರ ಬಂದು ಕೇಳುತ್ತಾಳೆ.

ಓಣಿಯ ಜನ ಕೊಟ್ಟ ತೀರ್ಪನ್ನು ಕೊಡುವ ಅಧಿಕಾರ ಯಾರಿಗೂ ಇಲ್ಲ. ಕಥೋಲಿಕ ಧರ್ಮಸಭೆ ಸಾವಿರಾರು ಜನರನ್ನು ಸಂತರೆಂದು ಹೆಸರು ಹಿಡಿದು ಸಾರಿದೆ. ಇಂಥವನು ನರಕದಲ್ಲಿದ್ದಾನೆ ಎಂದು ಇವತ್ತಿನವರೆಗೆ ಒಬ್ಬನ ಹೆಸರನ್ನೂ ಹೇಳಿಲ್ಲ. ಎರಡು ಸಾವಿರ ವರ್ಷದಲ್ಲಿ ಧರ್ಮಸಭೆ ಆಡದ ಮಾತನ್ನು ಪಕ್ಕದ ಮನೆಯವರು ಒಂದು ಸಂಜೆಯಲ್ಲಿ ಆಡಿಬಿಟ್ಟರೆ ಅದಕ್ಕೆ ಬೆಲೆ ಕೊಡಬೇಡಿ.

ಆ ಮಾತು ಎಲ್ಲಿಂದ ಬಂತು ಎಂಬುದೂ ನಿಮಗೆ ತಿಳಿದಿರಲಿ. ಹಿಂದೆ ಧರ್ಮಸಭೆಯ ಕಟ್ಟಳೆಯೇ ಕಠಿಣವಾಗಿತ್ತು. 1917ರ ಕಾನೂನಿನ ಪ್ರಕಾರ, ಬೇಕೆಂದೇ ಜೀವ ಕಳೆದುಕೊಂಡವರು ಸಾಯುವ ಮುನ್ನ ಪಶ್ಚಾತ್ತಾಪದ ಗುರುತು ತೋರಿಸದಿದ್ದರೆ ಅವರಿಗೆ ಚರ್ಚಿನ ಅಂತ್ಯಸಂಸ್ಕಾರ ಸಿಗುತ್ತಿರಲಿಲ್ಲ. ಹಿರಿಯರ ಬಾಯಲ್ಲಿ ಇವತ್ತಿಗೂ ಉಳಿದಿರುವುದು ಅದೇ. 1983ರ ಹೊಸ ಕಾನೂನಿನಲ್ಲಿ ಆ ನಿಷೇಧ ಇಲ್ಲ. 1992ರಲ್ಲಿ ಹೊರಬಂದ ಧರ್ಮೋಪದೇಶ ಗ್ರಂಥ ಇನ್ನೂ ಮುಂದೆ ಹೋಗುತ್ತದೆ. ತೀವ್ರವಾದ ಮನೋವ್ಯಥೆ, ಭಯ, ಯಾತನೆ ಇವೆಲ್ಲ ಮನುಷ್ಯನ ಹೊಣೆಯನ್ನು ಕಡಿಮೆ ಮಾಡಬಲ್ಲವು ಎನ್ನುತ್ತದೆ. ಹೀಗೆ ತೀರಿಕೊಂಡವರ ರಕ್ಷಣೆಯ ಬಗ್ಗೆ ನಿರಾಶರಾಗಬಾರದು, ತನಗೆ ಮಾತ್ರ ತಿಳಿದ ದಾರಿಯಲ್ಲಿ ದೇವರು ಅವರಿಗೆ ಪಶ್ಚಾತ್ತಾಪದ ಅವಕಾಶ ಕೊಡಬಲ್ಲನು, ಧರ್ಮಸಭೆ ಅವರಿಗಾಗಿ ಪ್ರಾರ್ಥಿಸುತ್ತದೆ ಎಂದು ನೇರವಾಗಿ ಹೇಳುತ್ತದೆ. ಜೀವ ಕಳೆದುಕೊಳ್ಳುವುದು ಸಣ್ಣ ವಿಷಯ ಎಂದು ಇದರ ಅರ್ಥವಲ್ಲ. ಅದು ಗಂಭೀರ ತಪ್ಪೇ. ಆದರೆ ಸಾಲ, ಕುಡಿತ, ನಿದ್ದೆಯಿಲ್ಲದ ರಾತ್ರಿಗಳ ನಡುವೆ ನಿಮ್ಮ ಅಣ್ಣ ಎಷ್ಟು ಸ್ವತಂತ್ರನಾಗಿದ್ದ? ಅದು ದೇವರಿಗೆ ಮಾತ್ರ ಗೊತ್ತು.

ಫ್ರಾನ್ಸಿನ ಆರ್ಸ್ ಎಂಬ ಹಳ್ಳಿಯಲ್ಲಿ ಗುರುವಾಗಿದ್ದ ಸಂತ ಜಾನ್ ಮರಿಯಾ ವಿಯಾನ್ನಿ (1786–1859) ಅವರ ಜೀವನದಲ್ಲಿ ಒಂದು ಘಟನೆ ಬರುತ್ತದೆ. ಗಂಡ ಹೀಗೆಯೇ ಜೀವ ಕಳೆದುಕೊಂಡಿದ್ದ ಒಬ್ಬ ವಿಧವೆ ಅವರ ಬಳಿ ಬಂದಿದ್ದಳು. ಬಾಯಿಬಿಟ್ಟು ಕೇಳಲು ಅವಳಿಗೆ ಧೈರ್ಯವಿರಲಿಲ್ಲ. ಅವರೇ ಅವಳನ್ನು ಕಂಡು, ಅವನು ಕೈತಪ್ಪಿ ಹೋಗಿಲ್ಲ, ಕೊನೆಯ ಆ ಕ್ಷಣದಲ್ಲಿ ಪಶ್ಚಾತ್ತಾಪಪಡಲು ಅವನಿಗೆ ಸಮಯ ಸಿಕ್ಕಿತು, ನೀನು ಅವನಿಗಾಗಿ ಪ್ರಾರ್ಥಿಸು ಅಂದರು. ಎಲ್ಲರ ವಿಷಯದಲ್ಲೂ ಹಾಗೆ ಖಚಿತವಾಗಿ ಹೇಳುವ ವರ ನನಗಿಲ್ಲ. ನಿಮ್ಮ ಅಣ್ಣ ಸ್ವರ್ಗದಲ್ಲಿದ್ದಾನೆ ಎಂದು ನಾನು ಬರೆದುಕೊಡಲಾರೆ. ಆದರೆ ಅವನಿಗಾಗಿ ಪ್ರಾರ್ಥಿಸಬಹುದೇ ಎಂಬುದಕ್ಕೆ ಉತ್ತರ ಖಚಿತ. ಪ್ರಾರ್ಥಿಸಬಹುದು, ಪ್ರಾರ್ಥಿಸಬೇಕು, ಅವನ ಹೆಸರು ಹಿಡಿದು ಬಲಿಪೂಜೆಯನ್ನೂ ಅರ್ಪಿಸಬಹುದು.

ಈಗ ಕಾಕಾ ಅವರ ಮಾತು. ಬೀದರ್ ಸುತ್ತ ಮೆಥೋಡಿಸ್ಟ್ ಸಭೆ ಹಳೆಯದು, ದೊಡ್ಡದು. ನಮ್ಮ ಕಥೋಲಿಕರ ಕಲಬುರಗಿ ಧರ್ಮಕ್ಷೇತ್ರ, ಅಂದರೆ ಒಬ್ಬ ಬಿಷಪ್ಪರ ಆಡಳಿತದ ಪ್ರದೇಶ, ಆಗಿದ್ದೇ 2005ರಲ್ಲಿ. ಹಾಗಾಗಿ ಇಲ್ಲಿ ಒಂದೇ ಮನೆಯಲ್ಲಿ ಎರಡು ಸಭೆಯವರು ಇರುವುದು ಹೊಸದೇನಲ್ಲ. ಈ ಜಗಳವೂ ಹೊಸದಲ್ಲ. ಕಾಕಾ ಹೇಳಿದ್ದರಲ್ಲಿ ಅರ್ಧ ನಾವೂ ಒಪ್ಪುವಂಥದ್ದು. ದೇವರ ಕಡೆಗೋ, ದೇವರಿಗೆ ಬೆನ್ನು ಹಾಕಿಯೋ ಎಂಬ ಆಯ್ಕೆ ಸಾವಿನೊಂದಿಗೆ ಮುಗಿಯುತ್ತದೆ. ನಮ್ಮ ಪ್ರಾರ್ಥನೆ ಯಾರನ್ನೂ ನರಕದಿಂದ ಎತ್ತಿ ಸ್ವರ್ಗಕ್ಕೆ ಹಾಕುವುದಿಲ್ಲ. ಅನೇಕ ಕಥೋಲಿಕರೇ ಇದನ್ನು ತಪ್ಪಾಗಿ ತಿಳಿದಿದ್ದಾರೆ. ಶುದ್ಧೀಕರಣ ಸ್ಥಳ ಎನ್ನುವುದು ಸ್ವರ್ಗಕ್ಕೂ ನರಕಕ್ಕೂ ನಡುವಿನ ಮೂರನೇ ಮನೆ ಅಲ್ಲ. ಅಲ್ಲಿರುವವರು ಆಗಲೇ ರಕ್ಷಣೆ ಹೊಂದಿದವರು, ದೇವರ ಮುಂದೆ ನಿಲ್ಲಲು ಸಿದ್ಧರಾಗುತ್ತಿರುವವರು.

ಬೈಬಲಿನಲ್ಲಿ ಎಲ್ಲೂ ಇಲ್ಲ ಎಂಬುದು ಮಾತ್ರ ಯಾರ ಬೈಬಲ್ ಎಂಬುದರ ಮೇಲೆ ನಿಂತಿದೆ. ಮಕ್ಕಬಿಯರ ಎರಡನೆಯ ಗ್ರಂಥದ 12ನೇ ಅಧ್ಯಾಯದಲ್ಲಿ ಯುದ್ಧದಲ್ಲಿ ಸತ್ತ ಯೆಹೂದ್ಯ ಸೈನಿಕರ ಕಥೆ ಇದೆ. ಹೂಳಲು ಹೋದಾಗ ಅವರ ಬಟ್ಟೆಯೊಳಗೆ ವಿಗ್ರಹಗಳ ತಾಯಿತ ಸಿಗುತ್ತವೆ. ಅಂದರೆ ಅವರು ತಪ್ಪು ಮಾಡುತ್ತಲೇ ಸತ್ತವರು. ನಾಯಕನಾದ ಯೂದ ಅವರನ್ನು ತಳ್ಳಿಹಾಕಲಿಲ್ಲ. ಪ್ರಾರ್ಥಿಸಿದ. ಸುಮಾರು 2,000 ಬೆಳ್ಳಿ ನಾಣ್ಯ ಕೂಡಿಸಿ, ಅವರ ಪಾಪಕ್ಕಾಗಿ ಬಲಿ ಅರ್ಪಿಸಲು ಜೆರುಸಲೇಮಿಗೆ ಕಳಿಸಿದ. ಈ ಗ್ರಂಥ ನಮ್ಮ ಬೈಬಲಿನಲ್ಲಿದೆ, ಕಾಕಾ ಅವರ ಬೈಬಲಿನಲ್ಲಿ ಇಲ್ಲ. ಅವರು ಸುಳ್ಳು ಹೇಳುತ್ತಿಲ್ಲ, ಅವರ ಕೈಯಲ್ಲಿರುವ ಪುಸ್ತಕದಲ್ಲಿ ನಿಜಕ್ಕೂ ಆ ಪುಟಗಳಿಲ್ಲ. ಎರಡೂ ಬೈಬಲಿನಲ್ಲಿರುವ ತಿಮೊಥೇಯನಿಗೆ ಬರೆದ ಎರಡನೆಯ ಪತ್ರದ ಮೊದಲ ಅಧ್ಯಾಯದಲ್ಲಿ, ಒನೆಸಿಫೊರನಿಗೆ ಆ ದಿನದಲ್ಲಿ ಪ್ರಭುವಿನ ಕರುಣೆ ಸಿಗಲಿ ಎಂದು ಪೌಲರು ಬೇಡುತ್ತಾರೆ. ಅವನು ಆಗಲೇ ತೀರಿಹೋಗಿದ್ದ ಎಂದು ಅನೇಕ ವಿದ್ವಾಂಸರು ಓದುತ್ತಾರೆ. ಒಪ್ಪದವರೂ ಇದ್ದಾರೆ.

ಕಾಕಾ ಅವರಿಗೆ ಇನ್ನೊಂದು ವಿಷಯ ಹೇಳಿ, ವಾದಕ್ಕಾಗಿ ಬೇಡ, ಸುಮ್ನೆ ಹಂಚಿಕೊಳ್ಳಿ. ಮೆಥೋಡಿಸ್ಟ್ ಸಭೆಗೆ ಮೂಲಪುರುಷರಾದ ಜಾನ್ ವೆಸ್ಲಿಯವರು ಶುದ್ಧೀಕರಣ ಸ್ಥಳದ ಬೋಧನೆಯನ್ನು ಒಪ್ಪಲಿಲ್ಲ. ಆದರೆ ವಿಶ್ವಾಸದಲ್ಲಿ ತೀರಿಕೊಂಡವರಿಗಾಗಿ ಪ್ರಾರ್ಥಿಸುವುದನ್ನು ಅವರು ಬರಹದಲ್ಲೇ ಸಮರ್ಥಿಸಿಕೊಂಡಿದ್ದಾರೆ. ಆದಿ ಸಭೆಯ ರೂಢಿಯನ್ನೂ, ಕ್ರಿಸ್ತರು ಕಲಿಸಿದ ಪ್ರಾರ್ಥನೆಯನ್ನೂ ಅದಕ್ಕೆ ಆಧಾರ ಮಾಡಿಕೊಂಡಿದ್ದಾರೆ.

ಈ ಶುದ್ಧೀಕರಣ ಎಂದರೇನು? ಬೆಂಕಿ, ಸರಪಳಿ, ನೂರಾರು ವರ್ಷದ ಶಿಕ್ಷೆ, ಇದು ಚಿತ್ರಪಟಗಳಿಂದ ಬಂದ ಕಲ್ಪನೆ. 1563ರಲ್ಲಿ ಟ್ರೆಂಟ್ ಮಹಾಸಭೆ, ಅಂದರೆ ಧರ್ಮಸಭೆಯ ಬಿಷಪ್ಪರೆಲ್ಲ ಸೇರಿದ್ದ ಸಭೆ, ಖಚಿತವಾಗಿ ಹೇಳಿದ್ದು ಎರಡೇ ಮಾತು. ಶುದ್ಧೀಕರಣ ಸ್ಥಳ ಇದೆ. ಅಲ್ಲಿರುವ ಆತ್ಮಗಳಿಗೆ ವಿಶ್ವಾಸಿಗಳ ಪ್ರಾರ್ಥನೆಗಳಿಂದ, ಅದರಲ್ಲೂ ಬಲಿಪೂಜೆಯಿಂದ ಸಹಾಯವಾಗುತ್ತದೆ. ಎಷ್ಟು ಬೆಂಕಿ, ಎಷ್ಟು ವರ್ಷ ಎಂಬುದನ್ನು ಹೇಳಲಿಲ್ಲ. ಹಳೆಯ ಪ್ರಾರ್ಥನಾ ಪುಸ್ತಕಗಳಲ್ಲಿ ಒಂದೊಂದು ಜಪದ ಕೆಳಗೆ 300 ದಿನ ಎಂದೆಲ್ಲ ಅಚ್ಚಾಗಿರುವುದನ್ನು ಅವ್ವ ನೋಡಿರಬಹುದು. ಅದು ಶುದ್ಧೀಕರಣ ಸ್ಥಳದಲ್ಲಿ ಕಡಿಮೆಯಾಗುವ ದಿನಗಳ ಲೆಕ್ಕ ಆಗಿರಲೇ ಇಲ್ಲ. ಪುರಾತನ ಕಾಲದಲ್ಲಿ ಭೂಮಿಯ ಮೇಲೆ ಮಾಡುತ್ತಿದ್ದ ಪ್ರಾಯಶ್ಚಿತ್ತದ ದಿನಗಳ ಅಳತೆ ಅದು. ಜನ ತಪ್ಪು ತಿಳಿಯುತ್ತಾರೆ ಎಂಬ ಕಾರಣವೂ ಸೇರಿ, ಆರನೆಯ ಪೌಲ್ ಪೋಪರು 1967ರಲ್ಲಿ ಆ ದಿನಗಳ ಲೆಕ್ಕವನ್ನೇ ತೆಗೆದುಹಾಕಿದರು.

ನಾನು ಜನರಿಗೆ ಹೇಳುವುದು ಹೀಗೆ. ಕತ್ತಲ ಕೋಣೆಯಲ್ಲಿ ಬಹಳ ದಿನ ಇದ್ದವನು ನಮ್ಮ ಕಲಬುರಗಿಯ ಏಪ್ರಿಲ್ ಬಿಸಿಲಿಗೆ ಬಂದರೆ ಕಣ್ಣು ಉರಿಯುತ್ತದೆ. ಸೂರ್ಯ ಅವನನ್ನು ಶಿಕ್ಷಿಸುತ್ತಿಲ್ಲ, ಕಣ್ಣು ಬೆಳಕಿಗೆ ಹೊಂದಿಕೊಳ್ಳಬೇಕು ಅಷ್ಟೇ. ಹದಿನಾರನೆಯ ಬೆನೆಡಿಕ್ಟ್ ಪೋಪರು 2007ರ ತಮ್ಮ ವಿಶ್ವಪತ್ರದಲ್ಲಿ, ಆ ಸುಡುವ ಬೆಂಕಿ ಎಂದರೆ ಕ್ರಿಸ್ತರನ್ನೇ ಮುಖಾಮುಖಿ ಕಾಣುವುದು ಎಂಬ ವಿವರಣೆಯನ್ನು ಮುಂದಿಟ್ಟರು. ನಮ್ಮ ಗಡಿಯಾರದಲ್ಲಿ ಅದನ್ನು ಅಳೆಯಲಾಗದು ಎಂದೂ ಬರೆದರು. ಅಣ್ಣ ಹೋಗಿ ಒಂದು ವರ್ಷವಾಯಿತು, ಇನ್ನು ಪ್ರಾರ್ಥಿಸಿ ಏನು ಫಲ ಎನ್ನುವವರಿಗೂ ಅಲ್ಲಿ ಉತ್ತರವಿದೆ. ಇನ್ನೊಬ್ಬರಿಗಾಗಿ ಪ್ರಾರ್ಥಿಸಲು ತಡವಾಯಿತು ಎಂಬುದೇ ಇಲ್ಲ. ನೀವು ಇವತ್ತು ಮಾಡುವ ಪ್ರಾರ್ಥನೆ ದೇವರಿಗೆ ಅಣ್ಣನ ಕೊನೆಯ ರಾತ್ರಿಯಲ್ಲೂ ತಿಳಿದಿತ್ತು.

ಇನ್ನು 30 ಪೂಜೆ ಮತ್ತು 25,000 ರೂಪಾಯಿ. 30 ಪೂಜೆ ಎಂಬುದು ಆ ಮನುಷ್ಯ ಹುಟ್ಟಿಸಿದ ಸುಳ್ಳಲ್ಲ, ಅದಕ್ಕೇ ಜನ ನಂಬುತ್ತಾರೆ. ಅದಕ್ಕೆ ಗ್ರೆಗೊರಿಯನ್ ಪೂಜೆಗಳು ಎನ್ನುತ್ತಾರೆ. 590ರಿಂದ 604ರವರೆಗೆ ಪೋಪರಾಗಿದ್ದ ಸಂತ ಗ್ರೆಗೊರಿಯವರು ಅದರ ಮೂಲವನ್ನು ಬರೆದಿಟ್ಟಿದ್ದಾರೆ. ಅವರ ಮಠದಲ್ಲಿ ಜುಸ್ತುಸ್ ಎಂಬ ಸನ್ಯಾಸಿ ಮೂರು ಚಿನ್ನದ ನಾಣ್ಯಗಳನ್ನು ಬಚ್ಚಿಟ್ಟುಕೊಂಡಿದ್ದ. ಬಡತನದ ವ್ರತ ತೊಟ್ಟವನಿಗೆ ಅದು ದೊಡ್ಡ ತಪ್ಪು. ಅವನು ಸಾಯುವಾಗ ಗ್ರೆಗೊರಿ ಬಹಳ ಕಠಿಣವಾಗಿ ನಡೆದುಕೊಂಡರು. ಹೆಣದ ಜತೆ ನಾಣ್ಯಗಳನ್ನೂ ತಿಪ್ಪೆಗೆ ಹಾಕಿಸಿದರು. ದಿನಗಳು ಕಳೆದಂತೆ ಅವರ ಮನಸ್ಸು ಕರಗಿತು. ಅವನಿಗಾಗಿ ಸತತ 30 ದಿನ ಬಲಿಪೂಜೆ ಅರ್ಪಿಸಲು ಹೇಳಿದರು. 30ನೇ ದಿನ ಜುಸ್ತುಸ್ ತನ್ನ ಸೋದರ ಕೊಪಿಯೋಸುಸ್‌ಗೆ ಕಾಣಿಸಿಕೊಂಡು, ಈಗ ತನಗೆ ನೆಮ್ಮದಿಯಾಯಿತು ಅಂದನಂತೆ. ಹಣ ಬಚ್ಚಿಟ್ಟವನ ಮೇಲೆ ತೋರಿದ ಕರುಣೆಯ ಕಥೆ ಇದು. ಇದನ್ನು ತೋರಿಸಿ ಹಣ ಕೀಳುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಕಟ್ಟಳೆ ಏನೆಂದರೆ, 30 ಪೂಜೆ ಯಾರಿಗೂ ಕಡ್ಡಾಯವಲ್ಲ, ಆತ್ಮ ಬಿಡುಗಡೆಯ ಖಾತ್ರಿಯೂ ಅಲ್ಲ. ಒಬ್ಬ ಮೃತರಿಗಾಗಿ, ಒಂದು ದಿನವೂ ತಪ್ಪದೆ ಮಾಡುವ ಭಕ್ತಿ ಅದು. ಧರ್ಮಕೇಂದ್ರದ ಗುರುವಿಗೆ ಅದನ್ನು ವಹಿಸಿಕೊಳ್ಳುವುದು ಕಷ್ಟ, ಏಕೆಂದರೆ ಪ್ರತಿ ಭಾನುವಾರ ಅವರು ತಮ್ಮ ಜನರೆಲ್ಲರಿಗಾಗಿ ಒಂದು ಪೂಜೆ ಅರ್ಪಿಸಲೇಬೇಕು. ಹಾಗಾಗಿ ಸಾಮಾನ್ಯವಾಗಿ ಮಠಗಳಿಗೋ, ನಿವೃತ್ತ ಗುರುಗಳಿಗೋ ಅದನ್ನು ಒಪ್ಪಿಸುತ್ತಾರೆ. ಪೂಜೆಯ ಕಾಣಿಕೆ ಎಷ್ಟು ಎಂಬುದನ್ನು ಧರ್ಮಾಧ್ಯಕ್ಷರು (ಬಿಷಪ್ಪರು) ಗೊತ್ತುಮಾಡಿರುತ್ತಾರೆ, ಗುರು ಅದಕ್ಕಿಂತ ಜಾಸ್ತಿ ಕೇಳುವಂತಿಲ್ಲ. ಪೂಜೆಯಲ್ಲಿ ವ್ಯಾಪಾರದ ನೆರಳೂ ಸುಳಿಯಬಾರದು ಎನ್ನುತ್ತದೆ ಧರ್ಮಸಭೆಯ ಕಾನೂನು. ಕಾಣಿಕೆ ಕೊಡಲಾಗದ ಬಡವರಿಗಾಗಿ ಏನನ್ನೂ ಪಡೆಯದೆ ಪೂಜೆ ಅರ್ಪಿಸಿ ಎಂದು ಗುರುಗಳಿಗೆ ಅದೇ ಕಾನೂನು ಒತ್ತಿ ಹೇಳುತ್ತದೆ. ನಡುವೆ ನಿಂತು ದುಡ್ಡು ಕೂಡಿಸುವವನಿಗೆ ಇಲ್ಲಿ ಜಾಗವೇ ಇಲ್ಲ. ಮೇಲೆ ಹೇಳಿದ ಟ್ರೆಂಟ್ ಸಭೆ ಅದೇ ತೀರ್ಪಿನಲ್ಲಿ, ಶುದ್ಧೀಕರಣ ಸ್ಥಳದ ಹೆಸರಿನಲ್ಲಿ ಮೂಢನಂಬಿಕೆಯನ್ನೂ ನೀಚ ಲಾಭವನ್ನೂ ತಡೆಯಿರಿ ಎಂದು ಧರ್ಮಾಧ್ಯಕ್ಷರಿಗೆ ಆಜ್ಞೆ ಮಾಡಿತ್ತು. ಅಂಥವರು ಆಗಲೂ ಇದ್ದರು, ಅಲ್ವಾ?

ಅಣ್ಣನ ಆತ್ಮ ಮನೆಯಲ್ಲಿ ಅಲೆಯುತ್ತಿದೆ ಎಂಬುದು ನಮ್ಮ ವಿಶ್ವಾಸವಲ್ಲ. ಸತ್ತವರು ದೇವರ ಕೈಯಲ್ಲಿದ್ದಾರೆ, ನಮ್ಮ ಅಟ್ಟದ ಮೇಲೆ ಇಲ್ಲ. ಸತ್ತವರನ್ನು ಕರೆದು ಮಾತಾಡಿಸುವುದನ್ನು ಬೈಬಲ್ ಸ್ಪಷ್ಟವಾಗಿ ನಿಷೇಧಿಸುತ್ತದೆ. ಈ ದಾರಿಯಲ್ಲಿ ಹೋದರೆ ಅಪಾಯವೂ ಇದೆ. ಇವತ್ತು 30 ಪೂಜೆ ಅಂದವರು, ನಾಳೆ ಇನ್ನೊಂದು ಸದ್ದು ಕೇಳಿದರೆ ಇನ್ನೊಂದು ಮೊತ್ತ ಹೇಳುತ್ತಾರೆ. ಆಮೇಲೆ ಅವ್ವನಿಗೆ ಮಗನ ನೆನಪೇ ಭಯವಾಗಿಬಿಡುತ್ತದೆ.

ಕನಸಿನ ಬಗ್ಗೆ ಅವ್ವನಿಗೆ ಮೆತ್ತಗೆ ಹೇಳಿ. ಹೀಗೆ ಮಗನನ್ನು ಕಳೆದುಕೊಂಡ ತಾಯಂದಿರು ಇಂಥ ಕನಸು ಕಾಣುವುದು ಸಹಜ. ಕೊನೆಗೆ ಅವನಿಗೆ ಏನೂ ಮಾಡಲಾಗಲಿಲ್ಲ ಎಂಬ ನೋವು ಹಾಗೆ ಹೊರಬರುತ್ತದೆ. ಎಚ್ಚರವಾದಾಗ ಅವನ ಹೆಸರು ಹೇಳಿ ಒಂದು ನಮೋ ಮರಿಯಾ ಹೇಳಿದರೆ ಸಾಕು, ಅರ್ಥ ಹುಡುಕುವುದು ಬೇಡ. ನೆರೆಹೊರೆಯವರಂತೆ ಅಮಾವಾಸ್ಯೆಗೆ ಎಡೆ ಇಡಬೇಕೇ ಎಂದು ನನ್ನನ್ನು ಕೆಲವರು ಕೇಳುತ್ತಾರೆ. ಅಣ್ಣನಿಗೆ ಇಷ್ಟವಾಗಿದ್ದ ಹುಗ್ಗಿ ಮಾಡಿ ನಾಲ್ಕು ಬಡವರಿಗೆ ಉಣಿಸಿ, ಅದು ಒಳ್ಳೆಯದು. ಆತ್ಮ ಬಂದು ತಿನ್ನುತ್ತದೆ ಎಂದು ಇಡುವುದು ಬೇಡ.

ಹಾಗಾದರೆ ಅಣ್ಣನಿಗಾಗಿ ಏನು ಮಾಡಬಹುದು? ವರ್ಷದ ದಿನ ಒಂದು ಪೂಜೆ ಬರೆಸಿ. ನವೆಂಬರ್ 2, ಸಕಲ ಮೃತರ ಸ್ಮರಣೆಯ ದಿನ, ಅವನ ಹೆಸರನ್ನು ಚರ್ಚಿನ ಪಟ್ಟಿಗೆ ಕೊಡಿ. ನವೆಂಬರ್ 1ರಿಂದ 8ರವರೆಗೆ ಸಮಾಧಿಗೆ ಹೋಗಿ ಪ್ರಾರ್ಥಿಸಿದರೆ, ಪಾಪನಿವೇದನೆ ಮಾಡಿ, ಪರಮಪ್ರಸಾದ ಸ್ವೀಕರಿಸಿ, ಪೋಪರ ಕೋರಿಕೆಗಾಗಿ ಪ್ರಾರ್ಥಿಸಿದರೆ, ಪಾಪದ ಮೇಲಿನ ಮೋಹವನ್ನೂ ಬಿಟ್ಟಿದ್ದರೆ, ಮೃತರಿಗಾಗಿ ಪೂರ್ಣ ದಂಡವಿಮೋಚನೆ, ಅಂದರೆ ಕ್ಷಮೆಯಾದ ಪಾಪಕ್ಕೆ ಉಳಿದಿರುವ ಶಿಕ್ಷೆಯ ಪೂರ್ತಿ ಮನ್ನಾ, ಪಡೆಯಬಹುದು. ಅದಕ್ಕೆ ಕಾಸಿನ ಖರ್ಚಿಲ್ಲ. ಒಂದು ಕಾಲದಲ್ಲಿ ಯುರೋಪಿನಲ್ಲಿ ಅದನ್ನು ದುಡ್ಡಿಗೆ ಹೊಂದಿಸಿದ್ದರಿಂದಲೇ 1517ರಲ್ಲಿ ಪ್ರೊಟೆಸ್ಟೆಂಟ್ ಚಳವಳಿಗೆ ನಾಂದಿ ಹಾಡಿದ ಮಾರ್ಟಿನ್ ಲೂಥರ್ ಸಿಟ್ಟಿಗೆದ್ದರು. 1567ರಲ್ಲಿ ಐದನೆಯ ಪಿಯುಸ್ ಪೋಪರು ಹಣಕ್ಕೆ ಕಟ್ಟಿದ ದಂಡವಿಮೋಚನೆಗಳನ್ನೆಲ್ಲ ರದ್ದು ಮಾಡಿದರು.

ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು ಇನ್ನೊಂದಿದೆ. ದಾನಧರ್ಮವೂ ಮೃತರಿಗಾಗಿ ಅರ್ಪಿಸುವ ಪ್ರಾರ್ಥನೆಯೇ ಎಂದು ಧರ್ಮಸಭೆ ಕಲಿಸುತ್ತದೆ. ಅಣ್ಣ ಯಾರಿಗಾದರೂ ಕೂಲಿ ಬಾಕಿ ಇಟ್ಟಿದ್ದನೇ ವಿಚಾರಿಸಿ. ತೊಗರಿ ಕೊಯ್ಲಿಗೆ ಬಂದ ಯಾವುದೋ ಹೆಣ್ಣುಮಗಳಿಗೆ 500 ರೂಪಾಯಿ ಉಳಿದಿದ್ದರೆ, ಕೈಯಲ್ಲಿ ಹಣ ಬಂದಾಗ ಅಣ್ಣನ ಹೆಸರಿನಲ್ಲಿ ಅದನ್ನು ಕೊಟ್ಟುಬಿಡಿ. ಓಲೆ ಅಡ ಇಟ್ಟು ಮಾಡಿಸುವ 30 ಪೂಜೆಗಿಂತ ಅದು ದೊಡ್ಡದು ಎಂದು ನಾನು ನಂಬುತ್ತೇನೆ.

ತಮ್ಮನ ವಿಷಯಕ್ಕೆ ಬರೋಣ. ಪಾಪಿಗಳಿಗಾಗಿ ಪ್ರಾರ್ಥಿಸುವುದು ನಮ್ಮಲ್ಲಿ ಪುರಾತನವಾದದ್ದು. ನಮೋ ಮರಿಯಾ ಪ್ರಾರ್ಥನೆಯಲ್ಲಿ ಪಾಪಿಗಳಾದ ನಮಗಾಗಿ ಎಂದು ಬೇಡುತ್ತೇವೆ, ಅಲ್ಲಿ ನೀವೂ ನಾನೂ ಸೇರಿದ್ದೇವೆ. 1887ರಲ್ಲಿ ಪ್ಯಾರಿಸಿನಲ್ಲಿ ಮೂವರನ್ನು ಕೊಂದ ಪ್ರಾಂಜಿನಿ ಎಂಬವನಿಗೆ ಮರಣದಂಡನೆಯಾಯಿತು. ಅವನಲ್ಲಿ ಪಶ್ಚಾತ್ತಾಪದ ಸುಳಿವೇ ಇರಲಿಲ್ಲ. ಲಿಸ್ಯೂ ಊರಿನ 14 ವರ್ಷದ ಹುಡುಗಿಯೊಬ್ಬಳು ಅವನಿಗಾಗಿ ಪ್ರಾರ್ಥಿಸಿದಳು, ಪೂಜೆಯನ್ನೂ ಹೇಳಿಸಿದಳು. ಕೊನೆಯ ಗಳಿಗೆಯಲ್ಲಿ ಅವನು ತಿರುಗಿ ಶಿಲುಬೆಯನ್ನು ಮೂರು ಸಲ ಮುತ್ತಿಟ್ಟ. ಆ ಹುಡುಗಿಯೇ ಮುಂದೆ ಲಿಸ್ಯೂವಿನ ಸಂತ ತೆರೇಸಾ ಆದಳು. ಅವನನ್ನು ತನ್ನ ಮೊದಲ ಮಗು ಎಂದು ಕರೆದಳು.

ಆದರೆ ನಿಮಗೆ ಹೆಚ್ಚು ಹತ್ತಿರವಾಗುವವರು ಸಂತ ಮೊನಿಕಾ. ಮಗ ಅಗಸ್ಟೀನ್ ದಾರಿ ತಪ್ಪಿದಾಗ ವರ್ಷಗಟ್ಟಲೆ ಅತ್ತರು. ಒಬ್ಬ ಧರ್ಮಾಧ್ಯಕ್ಷರ ಬಳಿ ಹೋಗಿ, ನೀವು ಅವನ ಜತೆ ವಾದ ಮಾಡಿ ಬುದ್ಧಿ ಹೇಳಿ ಎಂದು ಕಾಡಿದರು. ಅವರು ಒಪ್ಪಲಿಲ್ಲ. ಸದ್ಯಕ್ಕೆ ಅವನನ್ನು ಅವನ ಪಾಡಿಗೆ ಬಿಡಿ, ಪ್ರಾರ್ಥಿಸುತ್ತಿರಿ, ಇಷ್ಟು ಕಣ್ಣೀರಿನ ಮಗ ನಾಶವಾಗಲಾರ ಅಂದರು. 387ರ ಪಾಸ್ಕದಲ್ಲಿ ಅಗಸ್ಟೀನ್ ದೀಕ್ಷಾಸ್ನಾನ ಪಡೆದರು. ಅದೇ ವರ್ಷ ಓಸ್ತಿಯಾದಲ್ಲಿ ಮೊನಿಕಾ ತೀರಿಕೊಂಡರು. ನನ್ನ ದೇಹವನ್ನು ಎಲ್ಲಾದರೂ ಹೂಳಿ, ಪ್ರಭುವಿನ ಪೀಠದ ಬಳಿ ನನ್ನನ್ನು ನೆನೆಯಿರಿ, ಅಷ್ಟೇ ಸಾಕು ಎಂದು ಮಕ್ಕಳಿಗೆ ಹೇಳಿದರು. ಪಾಪಿ ಮಗನಿಗಾಗಿ ತಾಯಿ ಪ್ರಾರ್ಥಿಸಿದಳು, ಸತ್ತ ತಾಯಿಗಾಗಿ ಮಗ ಪ್ರಾರ್ಥಿಸಿದ.

ಪ್ರಾರ್ಥನೆ ತಮ್ಮನ ಸ್ವಾತಂತ್ರ್ಯವನ್ನು ಕಿತ್ತುಕೊಳ್ಳುವುದಿಲ್ಲ. ಅವನು ಇನ್ನೂ ಬದಲಾಗಿಲ್ಲ ಎಂದರೆ ನಿಮ್ಮ ವಿಶ್ವಾಸ ಕಡಿಮೆ ಎಂದೂ ಅಲ್ಲ. ಕುಡಿದು ಬಂದಾಗ ಉಪದೇಶ ಬೇಡ. ಬೆಳಿಗ್ಗೆ ನಶೆ ಇಳಿದಾಗ ಒಂದೇ ಮಾತು ಕೇಳಿ: ಆಸ್ಪತ್ರೆಗೆ ಹೋಗೋಣವಾ? ಕುಡಿತ ಪಾಪವೂ ಹೌದು, ಕಾಯಿಲೆಯೂ ಹೌದು. ಪ್ರಾರ್ಥನೆ ಇದೆ ಎಂದು ಚಿಕಿತ್ಸೆ ಬಿಡುವುದು ದೇವರನ್ನು ಪರೀಕ್ಷಿಸಿದಂತೆ. ದಿನವೂ ಜಾಸ್ತಿ ಕುಡಿಯುವವನನ್ನು ಪ್ರಾರ್ಥನಾ ಕೂಟಕ್ಕೆ ಕರೆದೊಯ್ದು ಆಣೆ ಹಾಕಿಸಿ ಒಂದೇ ದಿನಕ್ಕೆ ಬಿಡಿಸಬೇಡಿ. ಹಾಗೆ ಥಟ್ಟನೆ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಜೀವಕ್ಕೇ ಅಪಾಯವಾಗಬಹುದು. ವೈದ್ಯರ ಕಣ್ಣಿನ ಮುಂದೆ ಬಿಡಬೇಕು. ಜಿಲ್ಲಾ ಆಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗದಲ್ಲಿ ಇದಕ್ಕೆ ಸಹಾಯ ಸಿಗುತ್ತದೆ. ಅಣ್ಣನನ್ನು ಹೀಗೆ ಕಳೆದುಕೊಂಡ ತಮ್ಮನೂ, ಮಗನನ್ನು ಕಳೆದುಕೊಂಡ ಅವ್ವನೂ ಒಳಗೆ ಏನು ಹೊತ್ತುಕೊಂಡಿದ್ದಾರೋ ಗೊತ್ತಿಲ್ಲ. ಬದುಕೇ ಬೇಡ ಎಂಬ ಮಾತು ಯಾರ ಬಾಯಿಂದ ಬಂದರೂ ಒಂಟಿಯಾಗಿ ಬಿಡಬೇಡಿ, ಕೂಡಲೇ 14416ಕ್ಕೆ ಕರೆ ಮಾಡಿ. ಅದು ಸರ್ಕಾರದ ಟೆಲಿಮಾನಸ್. ದುಡ್ಡು ಬೇಡ, ಕನ್ನಡದಲ್ಲೇ ಮಾತಾಡಬಹುದು.

ವರ್ಷದ ಪೂಜೆಗೆ ಫಾದರ್ ಬಳಿ ಹೋದಾಗ ಅಣ್ಣನ ಹೆಸರು ಹೇಳಿದರೆ ಸಾಕು, ಸಾವು ಹೇಗಾಯಿತು ಎಂದು ಎಲ್ಲರೆದುರು ಓದಿಸಬೇಕಿಲ್ಲ. ನಿಮ್ಮ ಊರಿಗೆ ಗುರುಗಳು ತಿಂಗಳಿಗೊಮ್ಮೆ ಬರುವುದಾದರೆ, ಪೂಜೆ ಅದೇ ತಾರೀಕಿಗೆ ಆಗದಿದ್ದರೂ ಚಿಂತೆಯಿಲ್ಲ. ತೀರಿಕೊಂಡ ಮೆಥೋಡಿಸ್ಟ್ ಅಜ್ಜಿಯ ಹೆಸರನ್ನೂ ಸೇರಿಸಬಹುದು, ಯಾರಿಗಾಗಿ ಬೇಕಾದರೂ ಪೂಜೆ ಅರ್ಪಿಸಲು ಗುರುವಿಗೆ ಅನುಮತಿ ಇದೆ. ಸಂಜೆ ಮನೆಯಲ್ಲಿ ಪ್ರಾರ್ಥನೆ ಇಟ್ಟರೆ ಕಾಕಾ ಅವರನ್ನು ಕರೆದು 130ನೇ ಕೀರ್ತನೆ ಓದಲು ಕೇಳಿ. ಆಳದಿಂದ ದೇವರಿಗೆ ಮೊರೆಯಿಡುವ ಕೀರ್ತನೆ ಅದು. ನಾವು ಅದನ್ನು ಮೃತರಿಗಾಗಿ ಓದುತ್ತೇವೆ. ಅದು ಅವರ ಬೈಬಲಿನಲ್ಲೂ ಇದೆ.